ಆರ್ಕಿಡ್ ಎಳೆಸಸಿಗಳಿಗೆ ಕುಂಡದಲ್ಲಿ ಏನು ತುಂಬಬೇಕು?

ಬೆಂಗಳೂರಿಗೆ ಹೋಗಿ ಬರುವ ನಮ್ಮ ಓದುಗರಲ್ಲಿ ಕೆಲವರು ಅಲ್ಲಿನ ನರ್ಸರಿಗಳಿಂದ ಆರ್ಕಿಡ್ ಸಸಿಗಳನ್ನು ಕೊಂಡು ತರುತ್ತಿದ್ದಾರೆ. ಮನೆಯ ಅಂದಕ್ಕಾಗಿ ತರುವವರಿದ್ದಾರೆ, ಹಬ್ಬದ ದಿನ ಪೀಠದ ಅಲಂಕಾರಕ್ಕೆ ನಮ್ಮಲ್ಲೇ ಹೂವು ಬೆಳೆಯಬಾರದೇಕೆ ಎಂದು ತರುವವರಿದ್ದಾರೆ. ಮಹಿಳಾ ಸಂಘದ ಸಹೋದರಿಯರು ಇದನ್ನೇ ಒಂದು ಚಿಕ್ಕ ಉದ್ಯೋಗ ಮಾಡಿಕೊಳ್ಳಬಹುದೇ ಎಂದೂ ಕೇಳುತ್ತಾರೆ. ಒಳ್ಳೆಯ ಯೋಚನೆಯೇ ಸರಿ. ಆದರೆ ಜುಲೈ ತಿಂಗಳಲ್ಲಿ ತಂದ ಎಳೆಸಸಿ ಮುಂದಿನ ಏಪ್ರಿಲ್ ಹೊತ್ತಿಗೆ ಒಣಗಿಯೋ ಕೊಳೆತೋ ಹೋಗುವುದೇ ಹೆಚ್ಚು. ಆಗ ಜನರು “ಇದು ನಮ್ಮ ಹವೆಗೆ ಒಗ್ಗದ ಗಿಡ” ಎಂದು ಕೈಬಿಡುತ್ತಾರೆ.

ಹವೆಯ ಕಷ್ಟ ನಿಜ. ಆದರೆ ಎಳೆಸಸಿಗಳ ಸಾವಿಗೆ ಬಹುಪಾಲು ಕಾರಣ ಕುಂಡದೊಳಗೆ ತುಂಬಿದ ವಸ್ತು, ಮತ್ತು ಅದಕ್ಕೆ ಹಾಕಿದ ನೀರು. ಕುಂಡದಲ್ಲಿ ತುಂಬುವ ಈ ವಸ್ತುವಿಗೆ ತೋಟಗಾರಿಕೆಯಲ್ಲಿ ‘ಮಾಧ್ಯಮ’ ಎನ್ನುತ್ತಾರೆ. ಮಂಗಳೂರು, ಕೊಡಗು, ಕೇರಳದ ಕಡೆಯವರು ಹೇಳಿಕೊಟ್ಟ ಮಾಧ್ಯಮವನ್ನು ನಾವು ಹಿಂದೂಪುರದಲ್ಲಿ ಹಾಗೆಯೇ ಬಳಸಿದರೆ ಫಲಿಸದು. ನಮ್ಮ ಗಾಳಿಗೆ, ನಮ್ಮ ನೀರಿಗೆ, ನಮ್ಮಲ್ಲಿ ಸಿಗುವ ವಸ್ತುಗಳಿಗೆ ತಕ್ಕ ಮಾಧ್ಯಮವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಆರ್ಕಿಡ್ ಬೇರಿನ ಸ್ವಭಾವ

ಮಲೆನಾಡಿನ ಜನ ಸೀತಾಳೆ ಎಂದು ಕರೆಯುವ ಹೂವು ಆರ್ಕಿಡ್ ಜಾತಿಗೆ ಸೇರಿದ್ದು. ಇದು ಮಳೆಕಾಡಿನ ಗಿಡವೆಂದು ಅನೇಕರು ತಿಳಿದಿದ್ದಾರೆ. ಆದರೆ ಬಯಲು ಸೀಮೆಗೂ ಆರ್ಕಿಡ್ ಹೊಸದಲ್ಲ. ವಾಂಡಾ ಟೆಸಲೇಟಾ ಎಂಬ ಆರ್ಕಿಡ್ ಆಂಧ್ರ ಮತ್ತು ಕರ್ನಾಟಕದ ಒಣ ಪ್ರದೇಶಗಳಲ್ಲಿ ಮಾವು ಮುಂತಾದ ಮರಗಳ ಕೊಂಬೆಗಳ ಮೇಲೆ ಬೆಳೆಯುತ್ತದೆ. ವಿಲಿಯಂ ರಾಕ್ಸ್‌ಬರೋ ಎಂಬ ಸಸ್ಯವಿಜ್ಞಾನಿ ಕೋರಮಂಡಲದ ಸಸ್ಯಗಳ ಕುರಿತ ತನ್ನ ಗ್ರಂಥದಲ್ಲಿ 1795ರಲ್ಲೇ ಇದನ್ನು ವರ್ಣಿಸಿದ್ದಾನೆ.

ಮರದ ಮೇಲೆ ಬೆಳೆಯುತ್ತದೆ ಎಂದ ಮಾತ್ರಕ್ಕೆ ಇದು ಬಂದಳಿಕೆಯಲ್ಲ. ಬಂದಳಿಕೆ ಮರದೊಳಗೆ ಬೇರು ಇಳಿಸಿ ರಸ ಹೀರುತ್ತದೆ. ಆರ್ಕಿಡ್ ಹಾಗೆ ಮಾಡುವುದಿಲ್ಲ. ತೊಗಟೆಯನ್ನು ಕೇವಲ ಹಿಡಿದುಕೊಂಡು ಕುಳಿತಿರುತ್ತದೆ. ಮಳೆಯ ನೀರು, ತೊಗಟೆಯ ಮೇಲೆ ಹರಿದು ಬರುವ ಅಲ್ಪಸ್ವಲ್ಪ ಲವಣ, ಕೊಳೆತ ಎಲೆಯ ಕಸ, ಇವೇ ಅದರ ಆಹಾರ.

ಅದರ ಬೇರನ್ನು ಗಮನಿಸಿ ನೋಡಿ. ಹೊರಮೈಮೇಲೆ ಬಿಳಿಯ ಸ್ಪಂಜಿನಂಥ ಪದರವಿರುತ್ತದೆ. ನೀರು ಬಿದ್ದೊಡನೆ ಅದು ಹೀರಿಕೊಂಡು ಹಸಿರು ಬಣ್ಣಕ್ಕೆ ತಿರುಗುತ್ತದೆ. ಒಣಗಿದಾಗ ಮತ್ತೆ ಬೆಳ್ಳಿಯ ಬಣ್ಣ ತಾಳುತ್ತದೆ. ಮರದ ಮೇಲೆ ಈ ಬೇರು ಮಳೆಯಲ್ಲಿ ನೆನೆದು ಕೆಲವೇ ಗಂಟೆಗಳಲ್ಲಿ ಗಾಳಿಗೆ ಆರುತ್ತದೆ. ನೆನೆಯುವುದೂ ಬೇಕು, ಆರುವುದೂ ಬೇಕು. ಇಂಥ ಬೇರನ್ನು ಕೆಮ್ಮಣ್ಣಿನಲ್ಲಿ ಹೂತರೆ ಗಾಳಿಯಿಲ್ಲದೆ ಉಸಿರುಕಟ್ಟಿ ಕೊಳೆಯುತ್ತದೆ. ಬರಿಯ ಜಲ್ಲಿಯಲ್ಲಿ ಕೂರಿಸಿದರೆ ನಮ್ಮ ಒಣಗಾಳಿಗೆ ಒಂದೇ ದಿನದಲ್ಲಿ ಸುಕ್ಕುಗಟ್ಟುತ್ತದೆ.

ಆದ್ದರಿಂದ ಆರ್ಕಿಡ್ ಮಾಧ್ಯಮವು ಮಣ್ಣಿನಂತೆ ಗಿಡಕ್ಕೆ ಊಟ ಕೊಡುವ ವಸ್ತುವಲ್ಲ. ಅದರ ಕೆಲಸಗಳು ನಾಲ್ಕು: ಗಿಡವನ್ನು ಅಲುಗಾಡದಂತೆ ಹಿಡಿದಿಡುವುದು, ಬೇಕಾದಷ್ಟು ತೇವ ಉಳಿಸಿಕೊಳ್ಳುವುದು, ಬೇರಿಗೆ ಗಾಳಿ ಕೊಡುವುದು, ಮತ್ತು ಬೇಗನೆ ಕೊಳೆಯದೆ ಉಳಿಯುವುದು. ಈ ನಾಲ್ಕರ ಹೊಂದಾಣಿಕೆಯೇ ಮಾಧ್ಯಮದ ಗುಟ್ಟು.

ಸಸಿ ಹುಟ್ಟುವುದೆಲ್ಲಿ?

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಕಡಲೆಕಾಯಿ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರ ತುಂಬಿರುವಂತೆ ಇದರಲ್ಲಿ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಒಳಹೊಕ್ಕು ಆಹಾರ ಒದಗಿಸಿದರೆ ಮಾತ್ರ ಅದು ಮೊಳೆಯುತ್ತದೆ. ಇದನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೋಯಲ್ ಬರ್ನಾರ್. ಶಿಲೀಂಧ್ರವಿಲ್ಲದೆಯೇ, ಸಕ್ಕರೆ ಮತ್ತು ಲವಣ ಬೆರೆಸಿದ ಲೋಳೆಯ ಮೇಲೆ ಬೀಜ ಮೊಳೆಯಿಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟನು. ಇಂದು ಪ್ರಯೋಗಶಾಲೆಗಳಲ್ಲಿ ಬಾಟಲಿಯೊಳಗೆ ಸಸಿ ಬೆಳೆಸುವುದು ಇದೇ ತತ್ವದ ಮೇಲೆ. ಕಡಲಪಾಚಿಯಿಂದ ತೆಗೆದ ಅಗಾರ್ ಎಂಬ ಲೋಳೆಯೇ ಸಸಿಯ ಮೊದಲನೆಯ ಮಾಧ್ಯಮ.

ಬಾಟಲಿಯೊಳಗೆ ಗಾಳಿ ಸದಾ ತೇವವಾಗಿರುತ್ತದೆ, ರೋಗಾಣುಗಳಿಲ್ಲ, ಸಕ್ಕರೆ ಸಿಗುತ್ತದೆ. ಹಾಗೆ ಬೆಳೆದ ಮಗು ಬಾಟಲಿಯಿಂದ ಹೊರಬಂದ ದಿನವೇ ಹಿಂದೂಪುರದ ಗಾಳಿಗೆ ಬಿದ್ದರೆ ಹೇಗಾದೀತು? ತೊಟ್ಟಿಲಿನ ಕೂಸನ್ನು ಬಿಸಿಲಿಗೆ ಮಲಗಿಸಿದಂತೆ. ಆದುದರಿಂದ ಬಾಟಲಿಯಿಂದ ಕುಂಡಕ್ಕೆ ಬರುವ ಮೊದಲ ಆರು ತಿಂಗಳೇ ಅತ್ಯಂತ ಕಷ್ಟದ ಕಾಲ. ಮಾಧ್ಯಮದ ಆಯ್ಕೆ ಹೆಚ್ಚು ಮುಖ್ಯವಾಗುವುದೂ ಈ ಕಾಲದಲ್ಲೇ.

ನಮ್ಮ ಸೀಮೆಯ ಮೂರು ಕಷ್ಟಗಳು

ಮೊದಲನೆಯದು ಮಳೆ ಕಡಿಮೆ. ಹಿಂದಿನ ಅವಿಭಜಿತ ಅನಂತಪುರ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಆಕಾಶ ಒಂದೇ. ಆಗುಂಬೆಯಲ್ಲಿ ಬೀಳುವ ಮಳೆಯ ಹತ್ತರಲ್ಲಿ ಒಂದು ಪಾಲೂ ನಮಗಿಲ್ಲ.

ಎರಡನೆಯದು ಮಾರ್ಚಿಯಿಂದ ಮೇ ವರೆಗಿನ ಬಿಸಿ ಒಣಗಾಳಿ. ಕರಾವಳಿಯಲ್ಲಿ ಎರಡು ದಿನ ತೇವವಾಗಿರುವ ಕುಂಡ ನಮ್ಮಲ್ಲಿ ಅರ್ಧ ದಿನದಲ್ಲಿ ಒಣಗುತ್ತದೆ.

ಮೂರನೆಯದು ಗಡಸು ನೀರು. ನಮ್ಮ ಬಹುಪಾಲು ಕೊಳವೆಬಾವಿಗಳ ನೀರಿನಲ್ಲಿ ಸುಣ್ಣದ ಅಂಶ ಮತ್ತು ಇತರ ಲವಣಗಳು ಹೆಚ್ಚು. ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಅದೇ ಪೊರೆ ಮಾಧ್ಯಮದ ಮೇಲೂ ಕಟ್ಟಿ ಎಳೆಬೇರಿನ ತುದಿಯನ್ನು ಸುಡುತ್ತದೆ.

ಹೀಗಾಗಿ ಕರಾವಳಿಯ ಬೆಳೆಗಾರನಿಗೆ ಇರುವ ಚಿಂತೆ ನೀರು ಬೇಗ ಬಸಿದುಹೋಗಲಿ ಎಂಬುದು. ನಮಗೆ ಎರಡು ಚಿಂತೆ: ತೇವ ಸ್ವಲ್ಪ ಹೆಚ್ಚು ಹೊತ್ತು ಉಳಿಯಲಿ, ಆದರೆ ಲವಣ ಉಳಿಯದಿರಲಿ.

ವಸ್ತುಗಳನ್ನು ಒಂದೊಂದಾಗಿ ನೋಡೋಣ

1. ಇದ್ದಿಲು. ನಮ್ಮ ಕಡೆ ಸೀಮೆಜಾಲಿ, ಬಳ್ಳಾರಿ ಜಾಲಿ ಎಂದು ಕರೆಯುವ ಮುಳ್ಳುಮರದ ಇದ್ದಿಲು ಧಾರಾಳವಾಗಿ ಸಿಗುತ್ತದೆ. ಇದು ಹಗುರ, ಬಹುಕಾಲ ಕೊಳೆಯುವುದಿಲ್ಲ, ತುಂಡುಗಳ ನಡುವೆ ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಬೂದಿ ಕ್ಷಾರಗುಣದ್ದು. ಆದ್ದರಿಂದ ಇದ್ದಿಲನ್ನು ಒಡೆದು, ಜರಡಿ ಹಿಡಿದು, ಬೂದಿ ಪುಡಿ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಒಲೆಯಲ್ಲಿ ಅರ್ಧ ಉರಿದ ಕೊಳ್ಳಿ, ಕಲ್ಲಿದ್ದಲು, ಅಂಟು ಬೆರೆಸಿ ಒತ್ತಿದ ಇದ್ದಿಲಿನ ಉಂಡೆ ಇವು ಬೇಡ. ಗಡಸು ನೀರು ಹಾಕುತ್ತ ಬಂದರೆ ಇದ್ದಿಲು ಲವಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೂ ನೆನಪಿರಲಿ.

2. ತೆಂಗಿನಕಾಯಿ ಸಿಪ್ಪೆ. ಮಡಕಶಿರಾ, ತುಮಕೂರು, ತಿಪಟೂರಿನ ಕಡೆಯಿಂದ ಬೇಕಾದಷ್ಟು ಸಿಗುತ್ತದೆ. ನೀರನ್ನು ಚೆನ್ನಾಗಿ ಹಿಡಿದಿಡುವುದರಿಂದ ನಮ್ಮ ಒಣಹವೆಗೆ ಇದು ಬಹು ಉಪಯುಕ್ತ. ಆದರೆ ಹಸಿ ಸಿಪ್ಪೆಯಲ್ಲಿ ಪೊಟ್ಯಾಶ್ ಮುಂತಾದ ಲವಣ ಮತ್ತು ಒಗರಿನ ಅಂಶ ಹೆಚ್ಚು. ಚೆನ್ನಾಗಿ ಒಣಗಿದ ಸಿಪ್ಪೆಯನ್ನು ತುಂಡುಮಾಡಿ, ಮೂರು ದಿನ ನೀರಿನಲ್ಲಿ ನೆನೆಸಿ, ಪ್ರತಿದಿನ ನೀರು ಬದಲಿಸಬೇಕು. ಮೊದಲ ದಿನ ಕಪ್ಪು ಕಷಾಯದಂತೆ ಬರುವ ನೀರು ಕೊನೆಗೆ ತೆಳ್ಳನೆಯ ಚಹಾದ ಬಣ್ಣಕ್ಕೆ ಬಂದರೆ ಸಾಕು. ಕೊನೆಯಲ್ಲಿ ಒಮ್ಮೆ ಕುದಿಯುವ ನೀರು ಸುರಿದರೆ ಹುಳುಮೊಟ್ಟೆಗಳೂ ಸಾಯುತ್ತವೆ. ಒಂದೂವರೆ, ಎರಡು ವರ್ಷದಲ್ಲಿ ಸಿಪ್ಪೆ ಕೊಳೆಯತೊಡಗುತ್ತದೆ. ಆಗ ಬದಲಿಸಲೇಬೇಕು.

3. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. ಟೊಮೆಟೊ, ಮೆಣಸಿನಕಾಯಿ ಸಸಿಗಳಿಗೆ ಇದು ಬಹಳ ಒಳ್ಳೆಯದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹುದುಗುಗೊಳಿಸಿದ ನಾರಿನ ಪುಡಿಯ ವಿಧಾನವನ್ನೂ ರೂಪಿಸಿದೆ. ಆದರೆ ಆರ್ಕಿಡ್‌ಗೆ ಇದೊಂದನ್ನೇ ತುಂಬಿದರೆ ಕೆಳಗೆ ಕೆಸರಿನಂತಾಗಿ ಬೇರಿಗೆ ಗಾಳಿ ಸಿಗುವುದಿಲ್ಲ.

4. ಹೆಂಚು, ಇಟ್ಟಿಗೆ ಚೂರು. ಹಳೆಯ ಮನೆ ಕೆಡವಿದಾಗ ಸಿಗುವ ಹೆಂಚು ಬಹಳ ಉತ್ತಮ. ಅದರ ಸಣ್ಣ ರಂಧ್ರಗಳಲ್ಲಿ ನೀರು ನಿಂತು ನಿಧಾನವಾಗಿ ಆರುತ್ತದೆ, ಕೊಳೆಯುವುದಿಲ್ಲ, ಕುಂಡಕ್ಕೆ ಭಾರವನ್ನೂ ಕೊಡುತ್ತದೆ. ಗಾರೆ, ಸಿಮೆಂಟು, ಸುಣ್ಣ ಅಂಟಿದ ತುಂಡುಗಳನ್ನು ಆರಿಸಿ ಎಸೆಯಬೇಕು. ಬಣ್ಣ ಹೊಡೆದದ್ದೂ ಬೇಡ.

5. ಜಲ್ಲಿಕಲ್ಲು. ನೀರು ಹೀರುವುದಿಲ್ಲ, ಬೇಸಿಗೆಯಲ್ಲಿ ಕಾಯುತ್ತದೆ. ಕುಂಡ ಗಾಳಿಗೆ ಉರುಳದಂತೆ ತಳದಲ್ಲಿ ನಾಲ್ಕು ಕಲ್ಲು ಹಾಕಬಹುದು, ಅಷ್ಟೇ.

6. ಸ್ಫ್ಯಾಗ್ನಮ್ ಪಾಚಿ. ಒಣಗಿಸಿದ ಈ ಪಾಚಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಬಾಟಲಿಯಿಂದ ತೆಗೆದ ಸಸಿಗೆ ತಾಯಿಯ ಮಡಿಲಿನಂತೆ. ಆದರೆ ಬೆಲೆ ಹೆಚ್ಚು, ಮತ್ತು ಗಡಸು ನೀರು ಬಿದ್ದರೆ ಕೆಲವೇ ತಿಂಗಳಲ್ಲಿ ಲವಣ ತುಂಬಿ ಕೆಡುತ್ತದೆ. ಸಸಿಯ ಬೇರಿನ ಸುತ್ತ ಒಂದು ತೆಳುವಾದ ಪದರ ಸಾಕು. ಒತ್ತಿ ತುಂಬಬಾರದು.

7. ಪೈನ್ ಮರದ ತೊಗಟೆ. ಹೊರದೇಶಗಳಲ್ಲಿ ಇದೇ ಮುಖ್ಯ ಮಾಧ್ಯಮ. ನಮಗೆ ದೂರದಿಂದ ಬರಬೇಕು, ದುಬಾರಿ. ಸಿಕ್ಕಿದರೆ ಸಿಪ್ಪೆಯ ಬದಲಿಗೆ ಬಳಸಬಹುದು, ಸಿಗದಿದ್ದರೆ ಕೊರಗಬೇಕಾಗಿಲ್ಲ.

8. ಕಡಲೆಕಾಯಿ ಸಿಪ್ಪೆ. ನಮ್ಮ ಸೀಮೆಯಲ್ಲಿ ರಾಶಿ ರಾಶಿ ಸಿಗುವುದರಿಂದ ಅನೇಕರು ಇದರ ಬಗ್ಗೆ ಕೇಳುತ್ತಾರೆ. ಬೇಡ. ತೇವ ತಗಲಿದೊಡನೆ ಬೂಷ್ಟು ಹಿಡಿಯುತ್ತದೆ, ಬೇಗ ಮೆತ್ತಗಾಗಿ ಕುಸಿಯುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಲೇಸು.

9. ಕೆಮ್ಮಣ್ಣು, ಸಗಣಿ ಗೊಬ್ಬರ. ಮರದ ಮೇಲೆ ಬೆಳೆಯುವ ಜಾತಿಯ ಎಳೆಸಸಿಗೆ ಇವೆರಡೂ ಖಂಡಿತ ಬೇಡ.

10. ಮರಜರಿಗಿಡದ ಬೇರು. ಹಿಂದೆ ಇದನ್ನು ಆರ್ಕಿಡ್‌ಗೆ ಬಹಳವಾಗಿ ಬಳಸುತ್ತಿದ್ದರು. ಕಾಡಿನ ಮರಜರಿಗಳು ನಾಶವಾಗುತ್ತಿರುವುದರಿಂದ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ನಿರ್ಬಂಧವಿದೆ. ಯಾರಾದರೂ ಮಾರಲು ಬಂದರೂ ಕೊಳ್ಳಬಾರದು.

ಮೂರು ಹಂತ, ಮೂರು ಮಿಶ್ರಣ

ತುಂಡುಗಳ ಗಾತ್ರ ಎಳೆಸಸಿಯ ಬೇರಿನ ದಪ್ಪಕ್ಕೆ ತಕ್ಕಂತಿರಬೇಕು. ಸಣ್ಣ ತುಂಡು ಹೆಚ್ಚು ನೀರು ಹಿಡಿಯುತ್ತದೆ, ದೊಡ್ಡ ತುಂಡು ಹೆಚ್ಚು ಗಾಳಿ ಕೊಡುತ್ತದೆ. ಅಳತೆಗೋಲು ಬೇಕಾಗಿಲ್ಲ. ಕಡಲೆಕಾಳು, ಹುಣಸೆಬೀಜ, ಅಡಿಕೆ ಎಂದು ನೆನಪಿಟ್ಟರೆ ಸಾಕು.

ಮೊದಲ ಹಂತ: ಬಾಟಲಿಯಿಂದ ತೆಗೆದ ಸಸಿ. ಬೇರಿಗೆ ಅಂಟಿದ ಲೋಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು. ಉಳಿದರೆ ಅದರಲ್ಲಿರುವ ಸಕ್ಕರೆಗೆ ಬೂಷ್ಟು ಬರುತ್ತದೆ. ಮಾಧ್ಯಮ: ಕಡಲೆಕಾಳಿನ ಗಾತ್ರದ ತೆಂಗಿನಸಿಪ್ಪೆ ಎರಡು ಪಾಲು, ಅದೇ ಗಾತ್ರದ ಇದ್ದಿಲು ಎರಡು ಪಾಲು, ಹೆಂಚಿನ ಚೂರು ಒಂದು ಪಾಲು. ಬೇರಿಗೆ ಸ್ವಲ್ಪ ಪಾಚಿ ಸುತ್ತಿ, ಅಗಲವಾದ ಒಂದೇ ಕುಂಡದಲ್ಲಿ ಹತ್ತು ಹನ್ನೆರಡು ಸಸಿಗಳನ್ನು ಒಟ್ಟಿಗೆ ನೆಡಬೇಕು. ಒಟ್ಟಿಗಿದ್ದರೆ ತೇವವನ್ನು ಹಂಚಿಕೊಂಡು ಬದುಕುತ್ತವೆ.

ಎರಡನೆಯ ಹಂತ: ಆರರಿಂದ ಹನ್ನೆರಡು ತಿಂಗಳ ನಂತರ. ಹೊಸ ಬೇರು ಕಾಣಿಸಿಕೊಂಡಾಗ ಎರಡು ಅಥವಾ ಮೂರು ಅಂಗುಲದ ಒಂಟಿ ಕುಂಡಕ್ಕೆ ಬದಲಿಸಬೇಕು. ಹುಣಸೆಬೀಜದ ಗಾತ್ರದ ಸಿಪ್ಪೆ, ಇದ್ದಿಲು, ಹೆಂಚು ಮೂರೂ ಸಮಪಾಲು.

ಮೂರನೆಯ ಹಂತ: ಗಿಡ ಗೇಣುದ್ದ ಬೆಳೆದ ಮೇಲೆ ನಾಲ್ಕು ಐದು ಅಂಗುಲದ ಕುಂಡ. ಅಡಿಕೆ ಗಾತ್ರದ ಇದ್ದಿಲು ಎರಡು ಪಾಲು, ಹೆಂಚು ಎರಡು ಪಾಲು, ಸಿಪ್ಪೆ ಒಂದು ಪಾಲು.

ಕುಂಡಕ್ಕೂ ಮಾಧ್ಯಮಕ್ಕೂ ಸಂಬಂಧವಿದೆ. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆರುತ್ತದೆ. ಬೇರು ತಂಪಾಗಿರುತ್ತದೆ, ಆದರೆ ಬೇಗ ಒಣಗುತ್ತದೆ. ಮೊದಲೆರಡು ಹಂತಗಳಲ್ಲಿ ಪಕ್ಕದಲ್ಲಿಯೂ ತೂತುಗಳಿರುವ ಪ್ಲಾಸ್ಟಿಕ್ ಕುಂಡ ನಮಗೆ ಅನುಕೂಲ. ಗಿಡ ಬಲಿತ ಮೇಲೆ ಮಣ್ಣಿನ ಕುಂಡ ಒಳ್ಳೆಯದು. ಮಡಕಶಿರಾ ಕಡೆಗಿಂತ ಹೆಚ್ಚು ಒಣಹವೆಯ ಕಲ್ಯಾಣದುರ್ಗದವರು ಮೂರನೆಯ ಹಂತದಲ್ಲಿ ಸಿಪ್ಪೆಯನ್ನು ಒಂದರ ಬದಲು ಎರಡು ಪಾಲು ಹಾಕಿಕೊಳ್ಳಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಒಂದು ಲೀಟರ್ ಹಿಡಿಸುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ನಾಲ್ಕಾರು ತೂತು ಮಾಡಿ, ಹೊರಗಿನಿಂದ ಅಂಟುಪಟ್ಟಿ ಹಚ್ಚಿ ಮುಚ್ಚಿ. ರಾತ್ರಿಯೆಲ್ಲ ನೆನೆಸಿ ನೀರು ಬಸಿದ ಮಿಶ್ರಣವನ್ನು ಅದರಲ್ಲಿ ತುಂಬಿ. ಈಗ ಮೇಲ್ಮಟ್ಟ ಮುಟ್ಟುವವರೆಗೆ ನಿಧಾನವಾಗಿ ನೀರು ಹುಯ್ಯಿರಿ. ಆಮೇಲೆ ಡಬ್ಬಿಯನ್ನು ಪಾತ್ರೆಯ ಮೇಲೆ ಹಿಡಿದು, ಅಂಟುಪಟ್ಟಿ ಕಿತ್ತು, ಹತ್ತು ನಿಮಿಷ ಬಸಿಯಲು ಬಿಟ್ಟು, ಕೆಳಗೆ ಬಂದ ನೀರನ್ನು ಅಳೆಯಿರಿ.

ಬಸಿದ ನೀರು 350 ಮಿಲಿಲೀಟರ್ ಇದ್ದರೆ ಡಬ್ಬಿಯ ನೂರರಲ್ಲಿ 35 ಭಾಗ ಈಗ ಗಾಳಿ ತುಂಬಿದೆ ಎಂದರ್ಥ. ಎಳೆಸಸಿಗೆ ಸುಮಾರು 30ರಿಂದ 40 ಭಾಗ ಗಾಳಿ ಇರಲಿ. 20ಕ್ಕಿಂತ ಕಡಿಮೆಯಾದರೆ ಪುಡಿ ಹೆಚ್ಚಾಗಿದೆ, ಮತ್ತೆ ಜರಡಿ ಹಿಡಿಯಬೇಕು. 50 ದಾಟಿದರೆ ನಮ್ಮ ಹವೆಯಲ್ಲಿ ಬೇಗ ಒಣಗೀತು, ಸ್ವಲ್ಪ ಸಣ್ಣ ಸಿಪ್ಪೆ ಸೇರಿಸಬೇಕು.

ಇನ್ನೊಂದು ಪರೀಕ್ಷೆ ಕೈಯಳತೆಯದು. ನೀರು ಹಾಕಿ ಬಸಿದ ಕುಂಡವನ್ನು ಕೈಯಲ್ಲೆತ್ತಿ ಭಾರ ನೋಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ಎತ್ತಿ. ತುಸು ಹಗುರವಾಗಿದ್ದು, ಒಳಗೆ ಬೆರಳಿಟ್ಟರೆ ತಂಪು ತಗಲಿದರೆ ಸರಿ. ಒಂದು ವಾರ ಹೀಗೆ ಮಾಡಿದರೆ ಯಾವ ಪುಸ್ತಕವೂ ಕಲಿಸದ ಅಂದಾಜು ಕೈಗೆ ಬರುತ್ತದೆ.

ನೀರು ಕೆಟ್ಟರೆ ಮಾಧ್ಯಮವೂ ಕೆಟ್ಟಂತೆ

ನೀರಿನಲ್ಲಿ ಕರಗಿರುವ ಲವಣವನ್ನು ಅಳೆಯುವ ಚಿಕ್ಕ ಮೀಟರು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಸಂಘಕ್ಕೊಂದು ಇದ್ದರೆ ಸಾಕು. ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಎಳೆಸಸಿಗೆ ಒಳ್ಳೆಯದು. 500 ದಾಟಿದರೆ ಕೊಡಬಾರದು. ಬೋರ್ ನೀರು 900 ಇದೆಯೆಂದು ಇಟ್ಟುಕೊಳ್ಳೋಣ. ಅದರ ಒಂದು ಪಾಲಿಗೆ ನಾಲ್ಕು ಪಾಲು ಶುದ್ಧ ಮಳೆನೀರು ಸೇರಿಸಿದರೆ ಸುಮಾರು 200ಕ್ಕೆ ಇಳಿಯುತ್ತದೆ.

ಮಳೆನೀರು ಎಲ್ಲಿಂದ ತರುವುದು? ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರ್ ಸೂರಿನ ಮೇಲೆ 20 ಮಿಲಿಮೀಟರ್ ಮಳೆಯಾದರೆ 200 ಲೀಟರ್. ಮೊದಲ ಕೊಳೆನೀರು, ಪೋಲು ಎಲ್ಲ ಕಳೆದರೂ 150 ಲೀಟರ್ ಕೈಗೆ ಸಿಗುತ್ತದೆ. ಇಪ್ಪತ್ತು ಎಳೆಸಸಿಗಳಿಗೆ ದಿನಕ್ಕೆ ಎರಡು ಲೀಟರ್ ಬೇಕೆಂದರೆ ಎಪ್ಪತ್ತೈದು ದಿನಕ್ಕೆ ಸಾಕು. ಒಂದೇ ಒಳ್ಳೆಯ ಮಳೆಯಿಂದ ಇಷ್ಟು!

ಆರ್.ಓ. ಯಂತ್ರದಿಂದ ಬರುವ ಶುದ್ಧ ನೀರನ್ನೂ ಬಳಸಬಹುದು. ಆದರೆ ಅದೇ ಯಂತ್ರ ಹೊರಬಿಡುವ ನೀರನ್ನು “ಪೋಲಾಗುವುದೇಕೆ” ಎಂದು ಆರ್ಕಿಡ್‌ಗೆ ಹಾಕುವವರಿದ್ದಾರೆ. ಅದು ಬೋರ್ ನೀರಿಗಿಂತಲೂ ಹೆಚ್ಚು ಲವಣದ ನೀರು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಗೊಬ್ಬರವನ್ನು ಹೆಚ್ಚು ಕೊಡುವುದರಿಂದ ಗಿಡ ಬೇಗ ಬೆಳೆಯುವುದಿಲ್ಲ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ವಾರಕ್ಕೊಮ್ಮೆ ಕೊಟ್ಟರೆ ಸಾಕು. ತಿಂಗಳಿಗೊಮ್ಮೆ ಬರಿಯ ಮಳೆನೀರನ್ನು ಧಾರಾಳವಾಗಿ ಹಾಯಿಸಿ, ಕುಳಿತ ಲವಣವನ್ನು ತೊಳೆದುಬಿಡಬೇಕು.

ಯಾವಾಗ, ಯಾವ ಜಾತಿ?

ಬಾಟಲಿ ಒಡೆಯಲು, ಕುಂಡ ಬದಲಿಸಲು ಜುಲೈಯಿಂದ ಅಕ್ಟೋಬರ್ ವರೆಗಿನ ಕಾಲ ತಕ್ಕದ್ದು. ನಮ್ಮ ಕಡೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಗಾಳಿಯಲ್ಲಿ ತೇವವಿರುತ್ತದೆ, ಬೇಸಿಗೆ ಬರುವಷ್ಟರಲ್ಲಿ ಬೇರು ಮಾಧ್ಯಮವನ್ನು ಹಿಡಿದಿರುತ್ತದೆ. ಮಾರ್ಚಿಯಿಂದ ಮೇ ವರೆಗೆ ಈ ಕೆಲಸ ಬೇಡ. ಎಳೆಸಸಿಗಳನ್ನು ನೂರಕ್ಕೆ 75ರಷ್ಟು ನೆರಳು ಕೊಡುವ ಬಲೆಯ ಕೆಳಗಿಡಿ. ಪಡುವಣ ಗಾಳಿ ನೇರವಾಗಿ ಹೊಡೆಯದಂತೆ ಒಂದು ಮರೆ ಕಟ್ಟಿ. ನೀರನ್ನು ಬೆಳಿಗ್ಗೆ ಹಾಕಿ. ಬೇಸಿಗೆಯಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಇನ್ನೊಮ್ಮೆ ಚಿಮುಕಿಸಿ. ರಾತ್ರಿ ಎಲೆಯ ಸಂದಿಯಲ್ಲಿ ನೀರು ನಿಲ್ಲಬಾರದು.

ಕಲಿಯುವವರಿಗೆ ಡೆಂಡ್ರೋಬಿಯಂ ಜಾತಿ ಉತ್ತಮ. ಬಿಸಿಯನ್ನು ತಾಳುತ್ತದೆ. ಹೂಮಾರುಕಟ್ಟೆಯಲ್ಲಿ ಕಾಣುವ ನೇರಳೆ ಬಿಳುಪಿನ ಸೋನಿಯಾ ತಳಿ ಇದೇ ಜಾತಿಯದು. ಬಾಟಲಿಯಿಂದ ಹೂವಿಗೆ ಎರಡೂವರೆ ಮೂರು ವರ್ಷ ಕಾಯಬೇಕು. ಪತಂಗದಂಥ ಹೂವಿನ ಫಲೆನಾಪ್ಸಿಸ್ ನೋಡಲು ಬಹು ಚೆಂದ, ಆದರೆ ತೇವಗಾಳಿಯ ಮನೆಯಿಲ್ಲದೆ ನಮ್ಮಲ್ಲಿ ಉಳಿಸುವುದು ಕಷ್ಟ. ಮರದ ಮೇಲಿನ ಕಾಡು ಆರ್ಕಿಡ್‌ಗಳನ್ನು ಕಿತ್ತು ತರುವುದು ಬೇಡವೇ ಬೇಡ. ಕೆಲವು ಜಾತಿಗಳಿಗೆ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆಯಿದೆ. ಕಿತ್ತು ತಂದ ಗಿಡ ಬದುಕುವುದೂ ಅಪರೂಪ.

ಆರೋಗ್ಯದ ಎಚ್ಚರಿಕೆಗಳು

ಅ) ಇದ್ದಿಲು ಒಡೆಯುವಾಗ, ಸಿಪ್ಪೆ ಜರಡಿ ಹಿಡಿಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೊದಲು ನೀರು ಚಿಮುಕಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಉಬ್ಬಸವಿರುವವರು ಈ ಕೆಲಸವನ್ನು ಇತರರಿಗೆ ಬಿಡಲಿ.

ಆ) ಸ್ಫ್ಯಾಗ್ನಮ್ ಪಾಚಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಅದರಲ್ಲಿರಬಹುದಾದ ಸ್ಪೋರೋಥ್ರಿಕ್ಸ್ ಎಂಬ ಶಿಲೀಂಧ್ರ ಕೈಯ ಗೀರುಗಾಯದ ಮೂಲಕ ಒಳಹೊಕ್ಕು ವಾಸಿಯಾಗದ ಗಂಟು, ಹುಣ್ಣುಗಳನ್ನು ತರುತ್ತದೆ. 1988ರಲ್ಲಿ ಅಮೆರಿಕದಲ್ಲಿ ಈ ಪಾಚಿಯಲ್ಲಿ ಸಸಿ ಸುತ್ತುತ್ತಿದ್ದವರೇ ಮೊದಲಾಗಿ 80ಕ್ಕೂ ಹೆಚ್ಚು ಮಂದಿಗೆ ಈ ರೋಗ ತಗುಲಿತ್ತು. ರಬ್ಬರ್ ಕೈಗವಸು ಹಾಕಿ. ಕೈಮೇಲಿನ ಗಂಟು ವಾರಗಳಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಿ, ಪಾಚಿಯ ಕೆಲಸ ಮಾಡಿದ್ದನ್ನೂ ಹೇಳಿ. ಔಷಧದಿಂದ ಗುಣವಾಗುವ ರೋಗವಿದು.

ಇ) ಕೂಡಿಟ್ಟ ಮಳೆನೀರು, ಕುಂಡದ ಕೆಳಗಿನ ತಟ್ಟೆ ಇವು ಡೆಂಗಿ ಹರಡುವ ಸೊಳ್ಳೆಗೆ ತವರುಮನೆ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಪೀಪಾಯಿಗೆ ಬಟ್ಟೆ ಬಿಗಿದು ಮುಚ್ಚಿ. ತಟ್ಟೆಗಳನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ, ಒಣಗಿಸಿ.

ಈ) ಶಿಲೀಂಧ್ರನಾಶಕ ಬಳಸಿದರೆ ಚೀಟಿಯಲ್ಲಿರುವ ಪ್ರಮಾಣವನ್ನೇ ಅನುಸರಿಸಿ. ಅಡಿಗೆಯ ಲೋಟ, ಚಮಚ ಬಳಸಬೇಡಿ. ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವುದು ಮಕ್ಕಳ ಪ್ರಾಣಕ್ಕೆ ಅಪಾಯ.

ಉ) ಹಿಂದಿನ ಅನಂತಪುರ ಜಿಲ್ಲೆಯ ಹಲವೆಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಗಿಡಕ್ಕಾಗಿ ನೀರು ಪರೀಕ್ಷಿಸುವಾಗಲೇ ಮನೆಯ ಕುಡಿಯುವ ನೀರನ್ನೂ ಸರ್ಕಾರಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿಕೊಳ್ಳಿ. ಲವಣ ಅಳೆಯುವ ಚಿಕ್ಕ ಮೀಟರು ಫ್ಲೋರೈಡನ್ನು ತೋರಿಸದು.

ಸಂದೇಹ, ಪರಿಹಾರ

ಪ್ರಶ್ನೆ: ಎಲೆ ಸುಕ್ಕುಗಟ್ಟಿದೆ. ನೀರು ಹೆಚ್ಚಿಸಬೇಕೇ?
ಉತ್ತರ: ಮೊದಲು ಬೇರು ನೋಡಿ. ಬೇರು ಗಟ್ಟಿಯಾಗಿ ಬೆಳ್ಳಗಿದ್ದರೆ ನೀರು ಸಾಲದು. ಬೇರು ಕಂದಾಗಿ, ಹಿಸುಕಿದರೆ ಮೆತ್ತಗೆ ಸುಲಿದು ಬಂದರೆ ಅದು ಕೊಳೆತಿದೆ. ಆಗ ನೀರು ಹೆಚ್ಚಿಸಿದರೆ ಗಿಡ ಸಾಯುತ್ತದೆ. ಕೊಳೆತದ್ದನ್ನು ಕತ್ತರಿಸಿ ಹೊಸ ಮಾಧ್ಯಮಕ್ಕೆ ಬದಲಿಸಬೇಕು.

ಪ್ರಶ್ನೆ: ಹಳೆಯ ಮಾಧ್ಯಮವನ್ನು ಮತ್ತೆ ಬಳಸಬಹುದೇ?
ಉತ್ತರ: ಹೆಂಚಿನ ಚೂರನ್ನು ತೊಳೆದು, ಕುದಿಯುವ ನೀರಿನಲ್ಲಿ ಅದ್ದಿ, ಒಣಗಿಸಿ ಬಳಸಬಹುದು. ಸಿಪ್ಪೆ, ಪಾಚಿ, ಇದ್ದಿಲು ಬೇಡ. ಅವನ್ನು ತೋಟದ ಗಿಡಗಳ ಬುಡಕ್ಕೆ ಹಾಕಿ.

ಪ್ರಶ್ನೆ: ಸಂಘದಿಂದ ಸಾಲ ತೆಗೆದು ಐನೂರು ಸಸಿ ತರಬಹುದೇ?
ಉತ್ತರ: ಈಗಲೇ ಬೇಡ. ಮೊದಲು ಹತ್ತು ಸಸಿ ತನ್ನಿ. ಐದಕ್ಕೆ ಒಂದು ಮಿಶ್ರಣ, ಐದಕ್ಕೆ ಇನ್ನೊಂದು ಮಿಶ್ರಣ ಹಾಕಿ, ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಪೂರ್ತಿ ಬೇಸಿಗೆ ದಾಟಲಿ. ಹತ್ತರಲ್ಲಿ ಎಂಟು ಉಳಿದರೆ ಮುಂದಿನ ಹೆಜ್ಜೆ ಇಡಿ. ಮೂರು ವರ್ಷ ಹೂವಿಲ್ಲದ ಬೆಳೆಗೆ ತಿಂಗಳ ಕಂತಿನ ಸಾಲ ಹೊಂದುವುದಿಲ್ಲ ಎಂಬುದನ್ನೂ ಯೋಚಿಸಿ.

ಕೊನೆಯದಾಗಿ

ನಾವು ನೆನಪಿಡಬೇಕಾದುದು ಇಷ್ಟೇ. ಅತ್ಯುತ್ತಮ ಮಾಧ್ಯಮ ಎಂಬುದು ಅಂಗಡಿಯ ಚೀಲದಲ್ಲಿಲ್ಲ. ಮುಳ್ಳುಜಾಲಿಯ ಇದ್ದಿಲು, ಕಾಯಿ ಸುಲಿದ ಸಿಪ್ಪೆ, ಬಿದ್ದ ಮನೆಯ ಹೆಂಚು, ಸೂರಿನಿಂದ ಇಳಿದ ಮಳೆನೀರು, ಇವೆಲ್ಲ ನಮ್ಮ ಅಂಗಳದಲ್ಲೇ ಇವೆ. ಅವನ್ನು ತೊಳೆದು, ಅಳೆದು, ತಾಳ್ಮೆಯಿಂದ ಹೊಂದಿಸುವ ಕೈ ಬೇಕು. ಬರುವ ಮಳೆಗಾಲಕ್ಕೆ ಮೊದಲು ಒಂದು ಪೀಪಾಯಿಯನ್ನು ತೊಳೆದು ಸೂರಿನ ಕೆಳಗಿಡಿ, ಸಿಪ್ಪೆ ನೆನೆಹಾಕಿ. ಸಸಿಯನ್ನು ಆಮೇಲೆ ತರೋಣ.